ಕಾದಂಬರಿ ಓದಿದರೆ ಕಣ್ಣು ಕೆಡುತ್ತದೆಯೇ?

"ಡಾಕ್ಟ್ರ, ಈಕಿ ಹಗಲೆಲ್ಲಾ ಕಾದಂಬರಿ ಹಿಡಕೊಂಡು ಕುಂತಿರತಾಳ್ರಿ. ಕಣ್ಣೂ ಹೊಕ್ಕಾವ, ತಲಿನೂ ಕೆಡತೈತಿ. ನೀವರ ಒಂದೀಟು ಬುದ್ಧಿ ಹೇಳ್ರಿ." ಪಿಯುಸಿ ಓದುತ್ತಿರುವ ಮಗಳನ್ನು ತಲೆನೋವೆಂದು ಕರೆತಂದ ತಾಯಿಯೊಬ್ಬರ ಮಾತಿದು. ಕೊಪ್ಪಳ, ಕುಷ್ಟಗಿ, ಯಲಬುರ್ಗಾ, ಗಂಗಾವತಿ ಕಡೆಯ ವೈದ್ಯರಿಗೆ ಈ ದೂರು ಹೊಸದೇನೂ ಅಲ್ಲ. ದಿನಕ್ಕೆ ನಾಲ್ಕೈದು ಗಂಟೆ ಮೊಬೈಲ್ ತಿಕ್ಕುವ ಮಗನ ಬಗ್ಗೆ ಇಲ್ಲದ ಚಿಂತೆ ಪುಸ್ತಕ ಹಿಡಿದ ಮಗಳ ಬಗ್ಗೆ ಏಕೆ ಎಂದು ನಾನು ಕೇಳಿದೆ. ಅವರು ನಕ್ಕು ಸುಮ್ಮನಾದರು. ಆದರೆ ಅವರ ಪ್ರಶ್ನೆಯಲ್ಲಿ ಎರಡು ಭಾಗಗಳಿವೆ. ಎರಡಕ್ಕೂ ಉತ್ತರ ಹೇಳಬೇಕಾದದ್ದು ವೈದ್ಯನ ಕರ್ತವ್ಯ.

ಮೊದಲು ಕಣ್ಣಿನ ವಿಷಯ ಮುಗಿಸಿಬಿಡೋಣ. ಓದುವುದರಿಂದ ಕಣ್ಣು ಹೋಗುವುದಿಲ್ಲ. ಮಂದ ಬೆಳಕಿನಲ್ಲಿ ಬಹಳ ಹೊತ್ತು ಓದಿದರೆ ಕಣ್ಣು ದಣಿಯುತ್ತದೆ, ಉರಿಯುತ್ತದೆ, ಹಣೆ ಹಿಡಿದಂತಾಗುತ್ತದೆ. ವಿಶ್ರಾಂತಿ ಕೊಟ್ಟರೆ ಸರಿಹೋಗುತ್ತದೆ. ಮಕ್ಕಳಲ್ಲಿ ಸಮೀಪದೃಷ್ಟಿ, ಅಂದರೆ ದೂರದ ವಸ್ತು ಮಸುಕಾಗಿ ಕಾಣುವ ದೋಷ, ಹೆಚ್ಚುತ್ತಿರುವುದು ನಿಜ. ಹತ್ತಿರದ ಕೆಲಸ ಅತಿಯಾಗುವುದು ಅದಕ್ಕೊಂದು ಕಾರಣ. ಬಯಲಿನ ಬೆಳಕಿನಲ್ಲಿ ಆಡದೆ ಮನೆಯೊಳಗೇ ಇರುವುದು ಇನ್ನೊಂದು ದೊಡ್ಡ ಕಾರಣ. ದಿನಕ್ಕೆ ಸುಮಾರು ಎರಡು ಗಂಟೆ ಹೊರಗೆ ಕಳೆಯುವ ಮಕ್ಕಳಲ್ಲಿ ಈ ದೋಷ ಕಾಣಿಸಿಕೊಳ್ಳುವುದು ಕಡಿಮೆ ಎಂದು ಹಲವು ದೇಶಗಳಲ್ಲಿ ಕಂಡುಕೊಂಡಿದ್ದಾರೆ. ಆದ್ದರಿಂದ ಪುಸ್ತಕವನ್ನು ಒಂದು ಮೊಳಕ್ಕಿಂತ ತುಸು ಕಡಿಮೆ ದೂರದಲ್ಲಿ ಹಿಡಿಯಲಿ, ಅರ್ಧ ಗಂಟೆಗೊಮ್ಮೆ ತಲೆಯೆತ್ತಿ ಅಂಗಳದ ಬೇವಿನ ಮರ ನೋಡಲಿ, ಸಂಜೆ ಆಡಲು ಹೋಗಲಿ. ಆ ಹುಡುಗಿಗೆ ಇದ್ದದ್ದು ಸಿಲಿಂಡರ್ ನಂಬರಿನ ದೋಷ. ಕನ್ನಡಕ ಬಂದ ಮೇಲೆ ತಲೆನೋವು ನಿಂತಿತು. ಓದು ನಿಲ್ಲಿಸೆಂದು ನಾನು ಹೇಳಲಿಲ್ಲ.

ಕಣ್ಣಿನ ನೆಪದಲ್ಲಿ ನಿಜವಾಗಿಯೂ ಓದು ಬಿಡುವವರು ಮಕ್ಕಳಲ್ಲ, ಅವರ ತಾಯಂದಿರು. ನಲವತ್ತು ದಾಟಿದ ಮೇಲೆ ಕಣ್ಣಿನೊಳಗಿನ ಮಸೂರ ಬಿರುಸಾಗುತ್ತದೆ, ಹತ್ತಿರದ ಅಕ್ಷರ ಇರುವೆ ಸಾಲಿನಂತೆ ಕಾಣತೊಡಗುತ್ತದೆ. ಎಲ್ಲರಿಗೂ ಬರುವ ಇದಕ್ಕೆ ನಮ್ಮ ಹಿರಿಯರು ‘ಚಾಳೀಸು’ ಎಂದು ಸರಿಯಾಗಿಯೇ ಹೆಸರಿಟ್ಟಿದ್ದಾರೆ. ಚಾಳೀಸ್ ಎಂದರೆ ನಲವತ್ತು ತಾನೇ? ಹುಡುಗಿಯಾಗಿದ್ದಾಗ ವಾರಪತ್ರಿಕೆಯ ಧಾರಾವಾಹಿಗಾಗಿ ಕಾದು ಕುಳಿತಿರುತ್ತಿದ್ದ ಎಷ್ಟೋ ಹೆಣ್ಣುಮಕ್ಕಳು ಈ ವಯಸ್ಸಿಗೆ "ಇನ್ನ ನಮ್ಮ ಓದು ಮುಗೀತ್ರಿ" ಎಂದು ಪುಸ್ತಕ ಮುಚ್ಚಿಟ್ಟಿದ್ದಾರೆ. ಮನೆಯ ಗಂಡಸಿಗೆ ಚಾಳೀಸು ಬಂದರೆ ಮರುದಿನವೇ ಕನ್ನಡಕ ಬರುತ್ತದೆ. ಹೆಂಗಸಿಗೆ ಮಾತ್ರ ಅಕ್ಕಿ ಆರಿಸಲು ಸೊಸೆಯಿದ್ದಾಳಲ್ಲ ಎಂಬ ಉತ್ತರ. ಇದು ಅನ್ಯಾಯ. ಓದುವ ಕನ್ನಡಕ ದುಬಾರಿಯೇನಲ್ಲ. ಸಕ್ಕರೆ ಕಾಯಿಲೆ ಇದ್ದವರು ನಂಬರ್ ತೆಗೆಸುವಾಗಲೇ ಕಣ್ಣಿನ ಒಳಪರದೆಯನ್ನೂ ಒಮ್ಮೆ ಪರೀಕ್ಷಿಸಿಕೊಳ್ಳಬೇಕು.

ಇನ್ನು ಎರಡನೆಯ ಆರೋಪ, ‘ತಲಿ ಕೆಡತೈತಿ’ ಎಂಬುದು. ಇದು ಕನ್ನಡದಲ್ಲಿ ಕಾದಂಬರಿ ಹುಟ್ಟಿದಷ್ಟೇ ಹಳೆಯದು. ಹಾವೇರಿ ಸೀಮೆಯ ಗಳಗನಾಥರು (1869–1942) ತಾವು ಬರೆದ ಪುಸ್ತಕಗಳ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದವರು. ಅವರ ‘ಮಾಧವ ಕರುಣಾವಿಲಾಸ’ ವಿಜಯನಗರದ ಸ್ಥಾಪನೆಯ ಕಥೆ. ಅಂದರೆ ನಮ್ಮ ಗಂಗಾವತಿ ತಾಲ್ಲೂಕಿನ ಆನೆಗೊಂದಿಯ ನೆಲದ ಕಥೆ. ಆಗ ನಮ್ಮ ಭಾಗ ನಿಜಾಮರ ಆಳ್ವಿಕೆಯಲ್ಲಿತ್ತು. 1948ರ ಸೆಪ್ಟೆಂಬರ್ 17ರವರೆಗೂ ಇಲ್ಲಿ ಉರ್ದುವಿನದೇ ಮೇಲುಗೈ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವು ಒಳ್ಳೆಯ ಕನ್ನಡದ ನಾಡನ್ನು ಗುರುತಿಸುವಾಗ ಕೊಪಣವನ್ನು ಹೆಸರಿಸಿದೆ. ಆ ಕೊಪಣವೇ ಇಂದಿನ ಕೊಪ್ಪಳ. ಅಂಥ ಊರಿನ ಮಕ್ಕಳು ಸಾವಿರ ವರ್ಷದ ಮೇಲೆ ಕನ್ನಡವನ್ನು ಮಠದಲ್ಲೋ ಮನೆಯಲ್ಲೋ ಹಟ ಹಿಡಿದು ಕಲಿಯಬೇಕಾಯಿತು. ಅಂದಿನ ಯಲಬುರ್ಗಾ ತಾಲ್ಲೂಕಿನ ದ್ಯಾಂಪುರದ ಸಿದ್ಧಯ್ಯ ಪುರಾಣಿಕರು (1918–1994) ಉರ್ದುವಿನಲ್ಲಿ ಶಾಲೆ ಕಲಿತು ಕನ್ನಡದ ಕವಿಯಾದರು. ಗಡಿಯಾಚೆ ಧಾರವಾಡದಲ್ಲಿ 1933ರಲ್ಲಿ ಜಿ.ಬಿ. ಜೋಶಿಯವರು ಮನೋಹರ ಗ್ರಂಥಮಾಲೆ ಆರಂಭಿಸಿ ಚಂದಾದಾರರಿಗೆ ಪುಸ್ತಕ ಮುಟ್ಟಿಸತೊಡಗಿದರು. ಕಷ್ಟಪಟ್ಟು ಪುಸ್ತಕ ದೊರಕಿಸಿ ಓದಿದ ಆ ತಲೆಮಾರಿನ ತಲೆ ಕೆಟ್ಟದ್ದನ್ನು ನಾನು ಕೇಳಿಲ್ಲ.

ವೈದ್ಯನಾಗಿ ನಾನು ಕಂಡದ್ದು ಬೇರೆ. ನಮ್ಮಲ್ಲಿಗೆ ಬರುವ ಬಹಳ ಜನಕ್ಕೆ ಕಾಯಿಲೆಗಿಂತ ದೊಡ್ಡ ಕಷ್ಟ ಅದನ್ನು ಹೇಳುವುದು. ಹೊಟ್ಟೆ ನೋವಾದರೆ ಕೈಯಿಟ್ಟು ತೋರಿಸಬಹುದು. ಮನಸ್ಸಿನ ನೋವಿಗೆ ಕೈಯಿಡುವ ಜಾಗವೆಲ್ಲಿ? "ತ್ರಾಸ ಆಗೈತ್ರಿ", "ಜೀವಕ್ಕ ಸಮಾಧಾನಿಲ್ರಿ" ಎನ್ನುವಲ್ಲಿಗೆ ಮಾತು ಮುಗಿಯುತ್ತದೆ. ಅದನ್ನೂ ಹೇಳಲಾಗದವರು ಎದೆ ಉರಿ, ತಲೆಸುತ್ತು, ಕೈಕಾಲು ಜೋಮು ಎಂದು ಬರುತ್ತಾರೆ. ಇಸಿಜಿ, ರಕ್ತಪರೀಕ್ಷೆ, ಸ್ಕ್ಯಾನಿಂಗ್ ಎಂದು ಹೊಲದ ದುಡ್ಡು ಖರ್ಚಾಗುತ್ತದೆ. ಎಲ್ಲ ವರದಿಗಳೂ ನಾರ್ಮಲ್, ರೋಗಿ ಮಾತ್ರ ನಾರ್ಮಲ್ ಅಲ್ಲ. ಒಂದೆರಡು ಒಳ್ಳೆಯ ಕಾದಂಬರಿಯನ್ನು ಮನಸ್ಸಿಟ್ಟು ಓದಿದವರಿಗೆ, ಒಳಗೆ ನಡೆಯುವುದನ್ನೂ ಮಾತಿನಲ್ಲಿ ಹೇಳಬಹುದು, ತಮಗಿಂತ ಮುಂಚೆ ಯಾರೋ ಹೇಳಿದ್ದಾರೆ ಎಂಬ ತಿಳಿವಳಿಕೆಯಾದರೂ ಇರುತ್ತದೆ. ಅಂಥ ರೋಗಿಯ ಕಾಯಿಲೆ ಅರ್ಧ ಗಂಟೆಯಲ್ಲಿ ಗೊತ್ತಾಗುತ್ತದೆ.

ತ್ರಿವೇಣಿಯವರ ‘ಶರಪಂಜರ’ವನ್ನೇ ತೆಗೆದುಕೊಳ್ಳಿ. ಅದನ್ನು ಓದದವರೂ 1971ರಲ್ಲಿ ಪುಟ್ಟಣ್ಣ ಕಣಗಾಲರು ತೆಗೆದ ಚಿತ್ರದಲ್ಲಿ ಕಲ್ಪನಾರ ಅಭಿನಯ ನೋಡಿರುತ್ತಾರೆ. ಹೆರಿಗೆಯ ನಂತರ ಮನಸ್ಸಿನ ಸ್ಥಿಮಿತ ತಪ್ಪಿದ, ಚಿಕಿತ್ಸೆಯಿಂದ ಗುಣವಾಗಿ ಮನೆಗೆ ಮರಳಿದ, ಆದರೂ ಮನೆಯವರಿಂದಲೂ ನೆರೆಯವರಿಂದಲೂ ಹುಚ್ಚಿಯೆಂದೇ ಕರೆಸಿಕೊಂಡ ಕಾವೇರಿಯ ಕಥೆಯದು. ತ್ರಿವೇಣಿ ಮನಶ್ಶಾಸ್ತ್ರ ಓದಿದವರು. ಅವರು ಬರೆದದ್ದು ಊಹೆಯ ಕಾಯಿಲೆಯಲ್ಲ. ಬಾಣಂತಿ ಸನ್ನಿ ಎಂದು ನಾವು ಕರೆಯುವ ಈ ರೋಗ ಸಾವಿರ ಹೆರಿಗೆಗೆ ಒಂದೆರಡರಲ್ಲಿ ಬರುತ್ತದೆ, ಹೆಚ್ಚಾಗಿ ಮೊದಲ ಎರಡು ವಾರಗಳಲ್ಲಿ. ಕೂಸು ಮಲಗಿದ್ದರೂ ತಾಯಿಗೆ ನಿದ್ರೆಯಿಲ್ಲ, ಅಸಂಬದ್ಧ ಮಾತು, ವಿನಾಕಾರಣ ಸಂಶಯ, ಕೆಲವೊಮ್ಮೆ ತನಗೋ ಕೂಸಿಗೋ ಅಪಾಯ ಮಾಡಿಕೊಳ್ಳುವ ಯೋಚನೆ. ಇದು ತುರ್ತು ಚಿಕಿತ್ಸೆಯ ವಿಷಯ. ಇದಕ್ಕಿಂತ ಸೌಮ್ಯವಾದ, ಬರಿದೇ ಅಳು, ಬೇಸರ, ಕೂಸಿನ ಮೇಲೆ ಮನಸ್ಸಿಲ್ಲದಿರುವಿಕೆಯಾಗಿ ಕಾಣುವ ಖಿನ್ನತೆ ಇನ್ನೂ ಬಹಳ ಜನರಲ್ಲಿದೆ. ಭಾರತದ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ ಅದು ನೂರಕ್ಕೆ 22 ಬಾಣಂತಿಯರಲ್ಲಿ.

ಕುಷ್ಟಗಿ ತಾಲ್ಲೂಕಿನ ಹಳ್ಳಿಯೊಂದರಿಂದ ಹನ್ನೆರಡು ದಿನದ ಬಾಣಂತಿಯೊಬ್ಬಳನ್ನು ಕರೆತಂದಿದ್ದರು. ಮೂರು ರಾತ್ರಿ ನಿದ್ರೆಯಿಲ್ಲ, ಕೂಸನ್ನು ಯಾರೋ ಬದಲಿಸಿದ್ದಾರೆಂಬ ಹಟ. ಗಾಳಿ ಸೋಂಕೆಂದು ತಾಯತ ಕಟ್ಟಿಸಲು ಗಂಡಸರೆಲ್ಲ ಟೆಂಪೋ ಗೊತ್ತುಮಾಡಿದ್ದರಂತೆ. ತಡೆದವರು ಆಕೆಯ ಅತ್ತೆ. "ಇದು ದೆವ್ವ ಅಲ್ಲಪಾ, ಹಡೆದ ಮ್ಯಾಲೆ ಬರೂ ಜಡ್ಡು. ನಾ ಸಣ್ಣಾಕಿ ಇದ್ದಾಗ ತ್ರಿವೇಣಿಯವರ ಪುಸ್ತಕದಾಗ ಓದೀನಿ. ಮೊದಲ ದವಾಖಾನಿಗೆ ನಡೀರಿ" ಎಂದರಂತೆ. ಬಾಡಿಗೆ ಲೈಬ್ರರಿಯ ಪುಸ್ತಕ ಓದಿದ ಆ ಹೆಣ್ಣುಮಗಳಿಗೆ ನಾವು ಯಾವ ಆರೋಗ್ಯ ಶಿಬಿರದಲ್ಲೂ ಇದನ್ನು ಹೇಳಿಕೊಟ್ಟಿರಲಿಲ್ಲ. ಮನೋವೈದ್ಯರ ಚಿಕಿತ್ಸೆಯಿಂದ ಸೊಸೆ ಕೆಲವು ವಾರಗಳಲ್ಲಿ ಚೇತರಿಸಿಕೊಂಡಳು. ತ್ರಿವೇಣಿಯವರೇ 1963ರಲ್ಲಿ, ಮೂವತ್ತೈದು ತುಂಬುವ ಮೊದಲೇ, ಹೆರಿಗೆಯಾದ ಕೆಲವು ದಿನಗಳಲ್ಲಿ ತೀರಿಕೊಂಡರೆಂಬುದನ್ನು ಓದಿದಾಗೆಲ್ಲ ನನಗೆ ಸಂಕಟವಾಗುತ್ತದೆ.

(ಇಂಥ ಲಕ್ಷಣ ಕಂಡವರು ಜಿಲ್ಲಾಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ ಹೋಗಬೇಕು. 14416 ಎಂಬ ಟೆಲಿ-ಮನಸ್ ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೇ ಮನೋರೋಗದ ಚಿಕಿತ್ಸೆ ಕಲಿಸುವ ಪ್ರಯೋಗವನ್ನು ನಿಮ್ಹಾನ್ಸ್ 1980ರ ದಶಕದಲ್ಲಿ ನಡೆಸಿದ್ದು ನಮ್ಮ ನೆರೆಯ ಬಳ್ಳಾರಿ ಜಿಲ್ಲೆಯಲ್ಲಿ. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ.)

ಎಲ್ಲ ಕಾದಂಬರಿಗಳೂ ಕಾಯಿಲೆಯ ಬಗ್ಗೆ ಇರಬೇಕಾಗಿಲ್ಲ, ಇರಲೂಬಾರದು. ಆದರೂ ನಮ್ಮ ದೊಡ್ಡ ಕಾದಂಬರಿಕಾರರಿಗೆ ಜಡ್ಡು ಜಾಪತ್ತುಗಳ ಪರಿಚಯ ಚೆನ್ನಾಗಿತ್ತು. ಪ್ಲೇಗ್ ಇಲಿಯ ಚಿಗಟದಿಂದ ಬರುತ್ತದೆಂದು ನಾವು ವೈದ್ಯಕೀಯ ಕಾಲೇಜಿನಲ್ಲಿ ಒಂದು ಪುಟದಲ್ಲಿ ಓದಿ ಪಾಸಾದೆವು. ಇಲಿಗಳು ಸಾಲುಸಾಲಾಗಿ ಸಾಯುತ್ತಿದ್ದರೂ ಶಾಸ್ತ್ರದ ಚರ್ಚೆ ಬಿಡದ ಅಗ್ರಹಾರವನ್ನು ಅನಂತಮೂರ್ತಿಯವರ ‘ಸಂಸ್ಕಾರ’ (1965) ತೋರಿಸಿತು. ಊರ ಶಾನುಭೋಗಿಕೆಯ ಲೆಕ್ಕವನ್ನೂ ಮನೆಯನ್ನೂ ಒಬ್ಬಳೇ ನಡೆಸುವ ನಂಜಮ್ಮನ ಬೆಳೆದ ಇಬ್ಬರು ಮಕ್ಕಳನ್ನು ಆ ರೋಗ ಹೇಗೆ ಕಸಿಯಿತೆಂಬುದನ್ನು ಭೈರಪ್ಪನವರ ‘ಗೃಹಭಂಗ’ (1970) ತೋರಿಸಿತು. ಭೈರಪ್ಪನವರು ಎಳೆಯ ವಯಸ್ಸಿನಲ್ಲಿ ತಮ್ಮ ಮನೆಯಲ್ಲೇ ಪ್ಲೇಗಿನ ಸಾವುಗಳನ್ನು ಕಂಡವರು. 2020ರಲ್ಲಿ ಕೊರೊನಾ ಬಂದಾಗ ಊರಿಗೆ ಊರೇ ಬೇಲಿ ಹಾಕಿಕೊಂಡದ್ದನ್ನೂ, ಹೆಣ ಮುಟ್ಟಲು ನೆಂಟರು ಹಿಂಜರಿದದ್ದನ್ನೂ ನೋಡಿ ಇಂಥ ಪುಸ್ತಕ ಓದಿದವರು ಬೆಚ್ಚಿದರೇ ಹೊರತು ಆಶ್ಚರ್ಯಪಡಲಿಲ್ಲ.

ಶಿವರಾಮ ಕಾರಂತರ ‘ಚೋಮನ ದುಡಿ’ (1933) ಕರಾವಳಿಯ ಕಥೆ. ನಮ್ಮ ಮಕ್ಕಳಿಗೆ ಕಾಡು, ಮಳೆ, ಕಾಫಿ ತೋಟ ಯಾವುದೂ ಗೊತ್ತಿಲ್ಲ. ಆದರೆ ಸಾಲ ಗೊತ್ತು, ಗುಳೆ ಗೊತ್ತು. ಮಳೆ ಕೈಕೊಟ್ಟ ವರ್ಷ ಯಲಬುರ್ಗಾ, ಕುಷ್ಟಗಿಯ ಮಸಾರಿ ಹೊಲಗಳನ್ನು ಬಿಟ್ಟು ಮಂಗಳೂರು, ಗೋವಾ, ಬೆಂಗಳೂರು ಎಂದು ಹೊರಡುವ ಮನೆಗಳ ಮಕ್ಕಳಿವರು. ಸಾಲ ತೀರಿಸಲು ತೋಟಕ್ಕೆ ಹೋಗಿ ಜ್ವರ ಹೊತ್ತು ತಂದು ಸಾಯುವ ಚನಿಯನ ಭಾಗ ಓದಿದಾಗ ಅವರಿಗೆ ಮೇಷ್ಟ್ರು ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಮಂಗಳೂರಿನ ಕಟ್ಟಡ ಕೆಲಸದಿಂದ ಚಳಿಜ್ವರ ಹಿಡಿಸಿಕೊಂಡು ಬಂದು ಊರಲ್ಲಿ ಮಲೇರಿಯಾ ಎಂದು ಗೊತ್ತಾದ ಹುಡುಗರನ್ನು ನಮ್ಮ ಕಡೆಯ ವೈದ್ಯರೆಲ್ಲ ನೋಡಿದ್ದೇವೆ. (ಅಲ್ಲಿಂದ ಬಂದವರಿಗೆ ಜ್ವರ ಬಂದರೆ, ಎಲ್ಲಿಂದ ಬಂದಿರೆಂಬುದನ್ನು ವೈದ್ಯರಿಗೆ ತಪ್ಪದೆ ಹೇಳಿ, ರಕ್ತ ಪರೀಕ್ಷೆ ಮಾಡಿಸಿ.)

ಇಂಥ ಪುಸ್ತಕಗಳು ಶಾಲೆಯೊಳಗೆ ಹೊಕ್ಕಾಗ ಏನಾಗುತ್ತವೆ? ಪೂರ್ಣಚಂದ್ರ ತೇಜಸ್ವಿಯವರ ‘ಕೃಷ್ಣೇಗೌಡನ ಆನೆ’ಯನ್ನು ದ್ವಿತೀಯ ಪಿಯುಸಿಗೆ ದೀರ್ಘಗದ್ಯವಾಗಿ ಇಟ್ಟಾಗ ನಾನು ಬಹಳ ಸಂತೋಷಪಟ್ಟೆ. ನಗುತ್ತ ನಗುತ್ತ ಓದಿಸಿಕೊಂಡು, ಮುಗಿಯುವ ಹೊತ್ತಿಗೆ ಓದುಗನನ್ನು ಗಂಭೀರನನ್ನಾಗಿಸುವ ಕಥೆಯದು. ಪರೀಕ್ಷೆಗೆ ಓದುತ್ತಿದ್ದ ಹುಡುಗನೊಬ್ಬನನ್ನು, "ಯಾವ ಭಾಗಕ್ಕ ಭಾಳ ನಗು ಬಂತಪಾ?" ಎಂದು ಕೇಳಿದೆ. "ನಗು ಬರತೈತೇನ್ರಿ ಸರ ಅದರಾಗ?" ಎಂದು ನನ್ನನ್ನೇ ಕೇಳಿದ. ಅವನು ಓದಿದ್ದು ಗೈಡ್. ನಾಲ್ಕು ಅಂಕದ ಉತ್ತರಗಳೆಲ್ಲ ಬಾಯಿಗೆ ಬರುತ್ತಿದ್ದವು. ಆನೆಯ ಪಾತ್ರ ವಿಮರ್ಶೆ ಒಪ್ಪಿಸಿದ, ಆನೆಯನ್ನು ಮಾತ್ರ ಕಂಡಿರಲಿಲ್ಲ.

ತಪ್ಪು ಆ ಹುಡುಗನದಲ್ಲ. ಬೆಳಿಗ್ಗೆ ಐದಕ್ಕೆ ಎದ್ದು ಭೌತಶಾಸ್ತ್ರದ ಟ್ಯೂಷನ್, ಹಗಲು ಕಾಲೇಜು, ರಾತ್ರಿ ಹತ್ತರವರೆಗೆ ನೀಟ್ ತರಬೇತಿ. ಗಂಗಾವತಿಯ ಭತ್ತದ ದುಡ್ಡೂ ಕುಷ್ಟಗಿಯ ದಾಳಿಂಬೆಯ ದುಡ್ಡೂ ಇದಕ್ಕೇ ಸುರಿಯುತ್ತದೆ. ನನ್ನ ಹಾಗೆ ವೈದ್ಯರಾಗಲಿ ಎಂದೇ ತಂದೆತಾಯಿಗಳು ಇದನ್ನೆಲ್ಲ ಮಾಡುತ್ತಾರೆ, ಅದನ್ನು ಹೀಯಾಳಿಸುವ ಹಕ್ಕು ನನಗಿಲ್ಲ. ಆದರೆ ಹೊಟ್ಟೆನೋವು, ವಾಂತಿ, ಪರೀಕ್ಷೆಯ ಹಿಂದಿನ ದಿನ ಉಸಿರು ಕಟ್ಟುವಿಕೆ ಎಂದು ಹಾಸ್ಟೆಲುಗಳಿಂದ ಬರುವ ಮಕ್ಕಳನ್ನು ನೋಡುವವನೂ ನಾನೇ. ಆ ಮಕ್ಕಳಿಗೆ ಭಯವೆಂಬ ಮಾತು ಹೊರಡದು. ಸೋತವರ ಕಥೆಯನ್ನು ಒಂದು ಸಲವೂ ಪೂರ್ತಿ ಓದದ ಹುಡುಗ, ಸೋತರೆ ಬದುಕೇ ಇಲ್ಲವೆಂದು ತಿಳಿದರೆ ಆಶ್ಚರ್ಯವೇನು? ಮನೆಯವರ ಕೈಗೆ ಸಿಗುವುದು ಅವನ ಅಂಕಪಟ್ಟಿ ಮಾತ್ರ. ಅವನ ಮನಸ್ಸಿನ ಸುದ್ದಿ ಸಿಗುವ ಹೊತ್ತಿಗೆ ಕೆಲವೊಮ್ಮೆ ತಡವಾಗಿರುತ್ತದೆ.

ಹೀಗಾಗಿ ಮೇಷ್ಟ್ರುಗಳಲ್ಲಿ ನನ್ನದೊಂದು ವಿನಂತಿ. ವರ್ಷಕ್ಕೆ ಒಂದೇ ಕಾದಂಬರಿ ಇರಲಿ, ಚಿಕ್ಕದೇ ಇರಲಿ. ಅದನ್ನು ತರಗತಿಯಲ್ಲಿ ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿಸಿ, ಮುಗಿಯುವವರೆಗೆ ಒಂದೂ ಪ್ರಶ್ನೆ ಕೇಳಬೇಡಿ. ನಗು ಬಂದಲ್ಲಿ ನಗಲಿ, ಅಳು ಬಂದಲ್ಲಿ ಸುಮ್ಮನಿರಲಿ. ‘ಮಲೆಗಳಲ್ಲಿ ಮದುಮಗಳು’ ದೊಡ್ಡ ಕಾದಂಬರಿಯೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಎರೆಹೊಲದ ಹುಡುಗನ ಕೈಗೆ ಮೊದಲ ಪುಸ್ತಕವಾಗಿ ಅದನ್ನು ಕೊಟ್ಟರೆ ಮಲೆನಾಡಿನ ಆ ಭಾಷೆಯಲ್ಲೇ ಅವನು ದಾರಿ ತಪ್ಪುತ್ತಾನೆ. ‘ಚೋಮನ ದುಡಿ’, ‘ಕರ್ವಾಲೊ’ (1980) ಮೊದಲಿಗೆ ಒಳ್ಳೆಯವು. ಸ್ವಲ್ಪ ಬೆಳೆದ ಮೇಲೆ ರಾವಬಹಾದ್ದೂರರ ‘ಗ್ರಾಮಾಯಣ’ (1957). ಅದರ ಮಾತು ಉತ್ತರ ಕರ್ನಾಟಕದ್ದು, ನಮ್ಮ ಕಿವಿಗೆ ಪರಿಚಿತ. ರಷ್ಯದ ಟಾಲ್‌ಸ್ಟಾಯ್ ಕೂಡ ದೇಜಗೌ ಅವರ ಅನುವಾದದಲ್ಲಿ ಕನ್ನಡಕ್ಕೆ ಬಂದಿದ್ದಾರೆ, ಅದು ಪದವಿ ಓದುವವರಿಗೆ.

ಓದಿನಿಂದ ದೇಹಕ್ಕೇನು ಲಾಭ ಎಂದು ಕೇಳುವವರಿದ್ದಾರೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದವರು 3,635 ಹಿರಿಯರನ್ನು ಹನ್ನೆರಡು ವರ್ಷ ಗಮನಿಸಿ, ಪುಸ್ತಕ ಓದುವವರಲ್ಲಿ ಸಾವಿನ ಸಂಭವ ಶೇಕಡಾ 20ರಷ್ಟು ಕಡಿಮೆಯಿತ್ತೆಂದು 2016ರಲ್ಲಿ ಪ್ರಕಟಿಸಿದರು. ಓದುವವರು ಬೇರೆ ರೀತಿಯಲ್ಲೂ ಅನುಕೂಲಸ್ಥರಾಗಿರಬಹುದಾದ್ದರಿಂದ ಇದನ್ನು ಪುರಾವೆಯೆನ್ನಲಾಗದು, ಸೂಚನೆಯೆನ್ನಬಹುದು. ಒಳ್ಳೆಯ ಕಥೆಯ ಕೆಲವು ಪುಟ ಓದಿದೊಡನೆ ಇತರರ ಭಾವನೆ ಗುರುತಿಸುವ ಶಕ್ತಿ ಹೆಚ್ಚುತ್ತದೆಂದು 2013ರಲ್ಲಿ ದೊಡ್ಡ ಸುದ್ದಿಯಾಯಿತು. ಅದೇ ಪ್ರಯೋಗವನ್ನು ಬೇರೆಯವರು ಮಾಡಿದಾಗ ಆ ಫಲ ಬರಲಿಲ್ಲ. ಇಷ್ಟು ನಿಮಿಷ ಓದಿದರೆ ಇಷ್ಟು ಬಿಪಿ ಇಳಿಯುತ್ತದೆ ಎಂಬ ವಾಟ್ಸಾಪ್ ಸಂದೇಶಗಳನ್ನು ನಂಬಿ ಮಾತ್ರೆ ಬಿಡಬೇಡಿ. ಕಾದಂಬರಿಯನ್ನು ಟಾನಿಕ್ ಮಾಡಿ ಮಾರುವುದು ಗೈಡ್ ಮಾಡಿ ಮಾರುವುದಕ್ಕಿಂತ ಉತ್ತಮವೇನಲ್ಲ.

ನಿದ್ರೆಯ ವಿಷಯದಲ್ಲಿ ಮಾತ್ರ ಸ್ವಲ್ಪ ಗಟ್ಟಿಯಾದ ಆಧಾರವಿದೆ. 2015ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಮಲಗುವ ಮುನ್ನ ಬೆಳಕು ಸೂಸುವ ಪರದೆಯ ಮೇಲೆ ಓದಿದವರಿಗೆ ಅಚ್ಚಿನ ಪುಸ್ತಕ ಓದಿದಾಗಿಗಿಂತ ನಿದ್ರೆ ತಡವಾಗಿ ಬಂತು. ಪಾಲ್ಗೊಂಡವರು ಹನ್ನೆರಡೇ ಜನ, ಆದರೆ ಪರೀಕ್ಷೆ ಬಿಗಿಯಾಗಿ ನಡೆದದ್ದು. ರಾತ್ರಿ ಓದು ಕಾಗದದ ಮೇಲಿರಲಿ. ಹಾಗೆಂದು ಎರಡು ಗಂಟೆಯವರೆಗೆ ಓದಿ ಬೆಳಿಗ್ಗೆ ತೂಕಡಿಸುವುದೂ ಬೇಡ. ಬೆಳೆಯುವ ಮಕ್ಕಳಿಗೆ ಎಂಟು ಗಂಟೆಯ ನಿದ್ರೆ ಬೇಕೇ ಬೇಕು.

ಐನೂರು ಪುಟ ಓದಲು ಯಾರಿಗೆ ಪುರಸೊತ್ತಿದೆ ಎಂಬ ಆಕ್ಷೇಪಕ್ಕೆ ಉತ್ತರ ನಮ್ಮ ಊರುಗಳಲ್ಲೇ ಇದೆ. ಶ್ರಾವಣ ಬಂತೆಂದರೆ ಮಠದಲ್ಲಿ, ಗುಡಿಯಲ್ಲಿ ತಿಂಗಳುಗಟ್ಟಲೆ ಪುರಾಣ ಹಚ್ಚಿ ಕೇಳುವವರು ನಾವು. ಒಬ್ಬರು ಓದುವುದು, ಒಬ್ಬರು ಅರ್ಥ ಹೇಳುವುದು, ನೂರಾರು ಜನ ಕೇಳುವುದು. ಓದು ಬಾರದವರೂ ಇಡೀ ಕಥೆ ಬಲ್ಲವರಾಗಿರುತ್ತಾರೆ. ಅದನ್ನೇ ಮನೆಗೆ ತನ್ನಿ. ಊಟವಾದ ಮೇಲೆ ಟಿವಿ ಬಂದ್ ಮಾಡಿ ಹದಿನೈದು ಪುಟ, ಅರ್ಧ ಗಂಟೆ. ಮೊಮ್ಮಗಳು ಓದಲಿ, ಅಜ್ಜಿ ಕೇಳಲಿ. ಫ್ಲೋರೈಡ್ ನೀರು ಕುಡಿದು ಬೆನ್ನು ಕತ್ತು ಬಿಗಿದು ಪುಸ್ತಕ ಹಿಡಿಯಲಾಗದ ಹಿರಿಯರು ಕುಷ್ಟಗಿ, ಯಲಬುರ್ಗಾ ಕಡೆ ಎಷ್ಟೋ ಮನೆಗಳಲ್ಲಿದ್ದಾರೆ. ಅವರಿಗೆ ಇದಕ್ಕಿಂತ ಒಳ್ಳೆಯ ಹೊತ್ತು ಯಾವುದು? ಓದುವ ನಡುವೆ ಯಾರಾದರೂ "ನಮ್ಮ ಮನ್ಯಾಗೂ ಹಿಂಗ ಆಗಿತ್ತು" ಎಂದು ಬಾಯಿ ಬಿಟ್ಟರೆ ಪುಸ್ತಕ ಪಕ್ಕಕ್ಕಿಟ್ಟು ಆ ಮಾತು ಕೇಳಿ.

ಪುಸ್ತಕ ಕೊಳ್ಳಲೇಬೇಕೆಂದಿಲ್ಲ. 1965ರ ಸಾರ್ವಜನಿಕ ಗ್ರಂಥಾಲಯ ಕಾಯಿದೆಯ ಪ್ರಕಾರ ನೀವು ಕಟ್ಟುವ ಆಸ್ತಿ ತೆರಿಗೆಯ ಜೊತೆಗೇ ಗ್ರಂಥಾಲಯದ ಕರವೂ ಹೋಗುತ್ತದೆ. ಅಂದರೆ ದುಡ್ಡು ಆಗಲೇ ಕೊಟ್ಟಾಗಿದೆ. ಪಂಚಾಯಿತಿ ಗ್ರಂಥಾಲಯಗಳು ಈಗ ‘ಅರಿವು ಕೇಂದ್ರ’ಗಳಾಗಿವೆ, ಕಂಪ್ಯೂಟರ್ ಬಂದಿವೆ, ಪಿಎಸ್‌ಐ ಪರೀಕ್ಷೆಗೆ ಓದುವ ಹುಡುಗರು ತುಂಬಿದ್ದಾರೆ. ಅದು ಸಂತೋಷವೇ. ಆದರೆ ನಾನು ನೋಡಿದ ಒಂದೆಡೆ ಕಾದಂಬರಿಯ ಕಪಾಟಿಗೆ ಬೀಗವಿತ್ತು, ಕೀಲಿ ಎಲ್ಲಿದೆಯೆಂದು ಯಾರಿಗೂ ತಿಳಿದಿರಲಿಲ್ಲ. ಕೇಳುವವರಿದ್ದರೆ ಕೀಲಿ ಸಿಗುತ್ತದೆ. ಸಂಕೋಚವಿಲ್ಲದೆ ಹೆಣ್ಣುಮಕ್ಕಳೂ ಹೋಗಿ ಕೇಳಬೇಕು.

ಹಾಗೆ ತಂದ ಹಳೆಯ ಪುಸ್ತಕದ ಬಗ್ಗೆ ಅಸ್ತಮಾ, ಅಲರ್ಜಿ ಇರುವವರಿಗೆ ಒಂದು ಮಾತು. ವರ್ಷಗಟ್ಟಲೆ ಮುಚ್ಚಿಟ್ಟ ಕಾಗದದಲ್ಲಿ ಧೂಳು, ಬೂಷ್ಟು, ಕಣ್ಣಿಗೆ ಕಾಣದ ಹುಳುಗಳಿರುತ್ತವೆ. ತೆರೆದೊಡನೆ ಸೀನು, ಕೆಮ್ಮು, ಉಬ್ಬಸ ಬರಬಹುದು. ಬೇರೊಬ್ಬರು ಅಂಗಳದಲ್ಲಿ ನಿಂತು ಪುಸ್ತಕ ಕೊಡವಿ, ಒಣ ಬಟ್ಟೆಯಿಂದ ಒರೆಸಿ, ಪುಟಗಳನ್ನು ಬಿಡಿಸಿ ಬೆಳಗಿನ ಬಿಸಿಲಿಗೆ ಒಂದು ತಾಸು ಇಟ್ಟು ಒಳತರಲಿ. ನಮ್ಮ ಕಡೆ ಬಿಸಿಲಿಗೇನೂ ಕೊರತೆಯಿಲ್ಲ.